ಬೆಂಕಿ ಅಲ್ಲ, ಡಬ್ಬಾನೂ ಅಲ್ಲ: ನಿಮ್ಮ ಆರೂವರೆ ಮಾರ್ಕಿನ ಗೇಮ್ ಯಾವುದು?

ಬನಶಂಕರಿ ಬುಲೆಟ್

ನಮ್ಮ ಆಫೀಸ್ ವಾಟ್ಸಾಪ್ ಗ್ರೂಪಿನಲ್ಲಿ ಗೇಮ್ ವಿಚಾರ ಬಂದರೆ ಎರಡೇ ಪದ. ಒಂದು 'ಬೆಂಕಿ', ಇನ್ನೊಂದು 'ಡಬ್ಬಾ'. ನಡುವೆ ಏನೂ ಇಲ್ಲ. ನಾನು ಮುಗಿಸಿರುವ ಗೇಮ್‌ಗಳಲ್ಲಿ ಮುಕ್ಕಾಲು ಪಾಲು ಆ ನಡುವಿನಲ್ಲೇ ಬಿದ್ದಿವೆ. ಚೆನ್ನಾಗಿವೆ, ಖುಷಿಯಾಗಿ ಆಡಿದ್ದೇನೆ, ಆದ್ರೆ ಯಾರಿಗಾದರೂ 'ತಗೋ ಮಾರಾಯ' ಅಂತ ಧೈರ್ಯವಾಗಿ ಹೇಳಲು ಬಾಯಿ ಬರುವುದಿಲ್ಲ.

ನನ್ನದು ಡೇಸ್ ಗಾನ್. 2019ರಲ್ಲಿ ಸೋನಿಯ ಪಿಎಸ್4 ಕನ್ಸೋಲ್‌ಗೆ ಬಂತು, 2021ರಲ್ಲಿ ಪಿಸಿಗೂ ಬಂತು. ನಾನು ಆಡಿದ್ದು ತೀರಾ ತಡವಾಗಿ, ಹೋದ ಮಳೆಗಾಲದಲ್ಲಿ, ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದು. ಅಮೆರಿಕದ ಆರೆಗಾನ್ ಕಾಡು, ರೋಗ ಬಂದು ಜನರೆಲ್ಲ ಪಿಶಾಚಿಗಳಾಗಿದ್ದಾರೆ, ನೀವು ಡೀಕನ್ ಅನ್ನೋ ಬೈಕರ್. ಇದರಲ್ಲಿ ಹೊಸದೇನೂ ಇಲ್ಲ. ಆದರೆ ಆ ಬೈಕ್ ಇದೆಯಲ್ಲ, ಅದನ್ನು ಮಾಡಿದವರಿಗೆ ಕೈ ಮುಗಿಯಬೇಕು. ಪೆಟ್ರೋಲ್ ಖಾಲಿಯಾಗುತ್ತದೆ. ಬಿದ್ದರೆ ಕೆಡುತ್ತದೆ, ಗುಜರಿ ಹುಡುಕಿ ತಂದು ರಿಪೇರಿ ಮಾಡಬೇಕು. ಹೊರಗಡೆ ಇದ್ದಾಗ ಗೇಮ್ ಸೇವ್ ಮಾಡಬೇಕು ಅಂದರೂ ಬೈಕ್ ಹತ್ತಿರ ಬಂದು ನಿಲ್ಲಬೇಕು. ಒಂದು ರಾತ್ರಿ ಇಳಿಜಾರಿನಲ್ಲಿ ಟ್ಯಾಂಕ್ ಒಣಗಿ ಬೈಕ್ ನಿಂತಿತು. ಟಾರ್ಚ್ ಹಾಕಿದರೆ ಪಿಶಾಚಿಗಳಿಗೆ ಗೊತ್ತಾಗುತ್ತದೇನೋ ಅಂತ ಭಯ, ಹಾಕದಿದ್ದರೆ ನನಗೆ ಏನೂ ಕಾಣುವುದಿಲ್ಲ. ರಸ್ತೆ ಬದಿ ಕೆಟ್ಟು ನಿಂತ ಟೋಯಿಂಗ್ ಲಾರಿಗಳ ಹಿಂಭಾಗದಲ್ಲಿ ಎಷ್ಟೋ ಸಲ ಕೆಂಪು ಕ್ಯಾನ್ ಇರುತ್ತದೆ, ಅದು ಆಡುತ್ತಾ ಆಡುತ್ತಾ ಗೊತ್ತಾಗುವ ವಿಷಯ. ಬಗ್ಗಿಕೊಂಡು ಹೋಗಿ, ಕ್ಯಾನ್ ಎತ್ತಿಕೊಂಡು, ವಾಪಸ್ ಬಂದು ಟ್ಯಾಂಕಿಗೆ ಸುರಿಯುವ ಹೊತ್ತಿಗೆ ಅಂಗೈ ಬೆವೆತಿತ್ತು. ನೈಸ್ ರೋಡಿನಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಕೂಟರ್ ನಿಂತು, ನೀರಿನ ಬಾಟಲಿ ಹಿಡಿದು ನಡೆದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಸರಿ, ತೊಂದರೆ ಎಲ್ಲಿ? ಈ ಗೇಮಿನ ಊಟದಲ್ಲಿ ಹೋಳಿಗೆ ಅಂದರೆ ಹೋರ್ಡ್‌ಗಳು. ನೂರಾರು ಪಿಶಾಚಿಗಳು ಒಟ್ಟಿಗೆ, ತೂಬು ಒಡೆದ ಕೆರೆ ನೀರಿನ ಹಾಗೆ ಬೆನ್ನು ಹತ್ತುತ್ತವೆ. ಮೊದಲೇ ದಾರಿಯಲ್ಲಿ ಎದುರಾದರೂ ಕೈಯಲ್ಲಿರುವ ಗನ್ನಿಗೆ ಅವು ಬಗ್ಗುವುದಿಲ್ಲ, ಓಡಬೇಕು ಅಷ್ಟೇ. ಅವುಗಳ ಜೊತೆ ಸರಿಯಾಗಿ ಕಾದಾಡಲು ಕಥೆ ನಿಮ್ಮನ್ನು ಬಿಡುವುದು ಕೊನೆ ಕೊನೆಗೆ. ಅಲ್ಲಿವರೆಗೆ ಪೊದೆಯಲ್ಲಿ ಕೂತು ಹೆಲಿಕಾಪ್ಟರ್‌ನವರ ಮಾತು ಕದ್ದು ಕೇಳು, ಕಂಡರೆ ಮಿಷನ್ ಫೇಲ್, ಮತ್ತೆ ಮೊದಲಿಂದ. ಇಲ್ಲವಾದರೆ ಹಳೆಯ ನೆನಪಿನಲ್ಲಿ ಹೆಂಡತಿಯ ಜೊತೆ ನಿಧಾನಕ್ಕೆ ನಡೆ. ಎಲೆ ಹಾಕಿ, ಉಪ್ಪು ಬಡಿಸಿ, ಒಂದು ಗಂಟೆ ಸುಮ್ನೆ ಕೂರಿಸಿದ ಹಾಗೆ. ನನ್ನ ತಮ್ಮ ಎಂಟು ಗಂಟೆ ಆಡಿ ಬಿಟ್ಟ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ನಿಮ್ಮದು ಹೇಳಿ. ಒಂದೇ ಷರತ್ತು. 'ಸ್ವಲ್ಪ ಬೋರ್' ಅಂತ ಬರೆದು ಓಡಿಹೋಗಬೇಡಿ, ಚಪ್ಪಲಿ ಯಾವ ಬೆರಳಿಗೆ ಕಚ್ಚುತ್ತದೆ ಅಂತ ಸರಿಯಾಗಿ ತೋರಿಸಿ.

ನೈಟ್ ಶಿಫ್ಟ್ ನಾಗ

ಮ್ಯಾಡ್ ಮ್ಯಾಕ್ಸ್. ಎರಡನೇ ಮಾತೇ ಇಲ್ಲ.

ಪಾಪ, ಅದರ ಜಾತಕವೇ ಸರಿ ಇರಲಿಲ್ಲ. 2015ರ ಸೆಪ್ಟೆಂಬರ್ 1ಕ್ಕೆ ಬಂತು. ಅದೇ ದಿನ ಮೆಟಲ್ ಗೇರ್ ಸಾಲಿಡ್ 5 ಕೂಡ ಬಂತು. ಒಂದೇ ಮುಹೂರ್ತಕ್ಕೆ ಊರಲ್ಲಿ ಎರಡು ಮದುವೆ ಇದ್ದರೆ ಜನ ಯಾವ ಮನೆಗೆ ಹೋಗುತ್ತಾರೆ ಅಂತ ಗೊತ್ತಲ್ಲ.

ಕಾರ್ ಕಾಳಗ ಅಂದರೆ ಇದು. ನಿಮ್ಮ ಕಾರಿನ ಹೆಸರು ಮ್ಯಾಗ್ನಮ್ ಓಪಸ್, ಹಿಂದೆ ಚಂಬಕೆಟ್ ಅನ್ನೋ ಗೂನು ಬೆನ್ನಿನ ಮೆಕ್ಯಾನಿಕ್ ನೇತಾಡುತ್ತಾ ಬರುತ್ತಾನೆ. ಅವನ ಕೈಯಲ್ಲಿ ಈಟಿ. ಪಕ್ಕದ ಕಾರಿನ ಬಾಗಿಲಿಗೆ ಈಟಿ ಹೊಡೆದು ಎಳೆದರೆ ಬಾಗಿಲು ಕಿತ್ತು ಬರುತ್ತದೆ, ಮತ್ತೆ ಹೊಡೆದರೆ ಡ್ರೈವರೇ ಕಿತ್ತು ಬರುತ್ತಾನೆ. ಚಕ್ರಕ್ಕೆ ಹೊಡೆದರೆ ಕಾರು ಮರಳಲ್ಲಿ ಬುಗುರಿ ಆಡುತ್ತದೆ. ಇಷ್ಟಕ್ಕೇ ನನಗೆ ಕಾಸು ವಸೂಲ್.

ಎಲ್ಲರೂ ಹೇಳುವ ದೂರು ಒಂದೇ: ಮಾಡಿದ್ದನ್ನೇ ಮಾಡಬೇಕು. ಕ್ಯಾಂಪ್ ಒಡೆ, ಬೆದರುಬೊಂಬೆ ಬೀಳಿಸು, ಗುಜರಿ ಆರಿಸು, ಮತ್ತೆ ಕ್ಯಾಂಪ್ ಒಡೆ. ಹೌದು ಸ್ವಾಮಿ, ನಿಜ. ಆದರೆ ನಾನು ಮನೆಗೆ ಬರುವುದು ಬೆಳಗಿನ ಜಾವ ಮೂರೂವರೆಗೆ. ತಲೆಯಲ್ಲಿ ಇನ್ನೂ ಯಾವುದೋ ದೇಶದ ಕಸ್ಟಮರ್ ಬೈಯುತ್ತಿರುತ್ತಾನೆ. ಆಗ ನನಗೆ ಕಥೆ ಬೇಡ, ತಿರುವು ಬೇಡ, ಯಾರ ಕಣ್ಣೀರೂ ಬೇಡ. ನಮ್ಮ ಅಜ್ಜಿ ಜಗಲಿ ಮೇಲೆ ಕೂತು ಮಾರುಗಟ್ಟಲೆ ಹೂ ಕಟ್ಟುತ್ತಿದ್ದರು, ಅದೂ ಮಾಡಿದ್ದನ್ನೇ ಮಾಡುವುದು. ಅವರಿಗೆ ಯಾರೂ 'ಬೋರ್ ಆಗಲ್ವಾ' ಅಂತ ಕೇಳಲಿಲ್ಲ.

ನನ್ನ ಚಪ್ಪಲಿ ಕಚ್ಚುವುದು ಬೇರೆ ಕಡೆ. ಮೈನ್ (ನೆಲಬಾಂಬ್) ಹೂತಿಟ್ಟ ಜಾಗಗಳನ್ನು ಖಾಲಿ ಮಾಡಬೇಕು ಅಂದರೆ ನಾಯಿ ಬೇಕು. ಮೂಸಿ ಹೇಳುವುದು ಅದೇ. ಆದರೆ ಆ ನಾಯಿ ನಿಮ್ಮ ಕಾರಲ್ಲಿ ಕೂರುವುದಿಲ್ಲ, ಚಂಬಕೆಟ್‌ನ ಬಗ್ಗಿ ಅನ್ನೋ ಸಣ್ಣ ಗಾಡಿಯಲ್ಲೇ ಕೂರಬೇಕು. ಅಂದರೆ ಇಪ್ಪತ್ತು ಗಂಟೆ ಗುಜರಿ ಆರಿಸಿ ಕಟ್ಟಿದ ನನ್ನ ಕಾರನ್ನು ಕೋಟೆಯಲ್ಲಿ ನಿಲ್ಲಿಸಿ, ಈ ಡಕೋಟ ಗಾಡಿಯಲ್ಲಿ ಮರಳುಗಾಡೆಲ್ಲ ಸುತ್ತಬೇಕು. ಕಾರೇ ಹೀರೋ ಆಗಿರುವ ಗೇಮಿನಲ್ಲಿ ಕಾರನ್ನೇ ಮನೆಯಲ್ಲಿ ಬಿಟ್ಟು ಬಾ ಅಂತ ಹೇಳುವುದು ಯಾವ ನ್ಯಾಯ? ನಾನು ಮೈನ್‌ಗಳನ್ನು ಹಾಗೇ ಬಿಟ್ಟೆ. ಮ್ಯಾಪಿನಲ್ಲಿ ಇನ್ನೂ ಇವೆ, ಇರಲಿ.

ಹಾಸನದವಳು

ನನ್ನದು ಸ್ವಲ್ಪ ಉದ್ದ ಆಗುತ್ತದೆ, ಸಿಟ್ಟೂ ಪ್ರೀತಿಯೂ ಎರಡೂ ಇರುವ ಗೇಮು. ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. 2017ರದ್ದು.

ಗೊತ್ತಿಲ್ಲದವರಿಗೆ: ಕ್ಲೋಯಿ, ನೆಡೀನ್ ಅನ್ನೋ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕಿಕೊಂಡು ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ದಂತ ಇರುವುದು ಹೊಯ್ಸಳರ ಹತ್ತಿರ. ಹೌದು, ನಮ್ಮ ಹೊಯ್ಸಳರೇ. ನಾನು ವಿಜಯನಗರದ ಪಿಜಿಯಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಆಡುತ್ತಿದ್ದೆ. ಕ್ಲೋಯಿಯ ಬಾಯಲ್ಲಿ ಹಳೇಬೀಡು ಅಂತ ಬಂದದ್ದೇ ತಡ, ಒಬ್ಬಳೇ 'ಅಯ್ಯೋ' ಅಂತ ಜೋರಾಗಿ ಕೂಗಿಬಿಟ್ಟೆ. ಅವಳಿಗೆ ನಮ್ಮ 'ಳ' ಬರುವುದಿಲ್ಲ, ಪರವಾಗಿಲ್ಲ. ಬೆಂಗಳೂರಲ್ಲೇ ಎಷ್ಟೋ ಜನಕ್ಕೆ ಬರುವುದಿಲ್ಲ.

ಚೆನ್ನಾಗಿರುವುದು ಮೊದಲು ಹೇಳುತ್ತೇನೆ. ಒಂದು ದೊಡ್ಡ ಬಯಲು ಕೊಟ್ಟು, ಜೀಪ್ ಕೊಟ್ಟು, 'ಎಲ್ಲಿಂದಾದರೂ ಶುರು ಮಾಡಿಕೋ' ಅಂತ ಬಿಡುತ್ತಾರೆ. ಆ ಸರಣಿಯ ಗೇಮ್‌ಗಳು ಸಾಮಾನ್ಯವಾಗಿ ಕೈ ಹಿಡಿದು ಎಳೆದುಕೊಂಡೇ ಹೋಗುತ್ತವೆ, ಅದಕ್ಕೆ ಇದು ದೊಡ್ಡ ಉಸಿರು. ಕೆಸರು, ಸಣ್ಣ ಜಲಪಾತ, ಕಲ್ಲಿನ ಮೆಟ್ಟಿಲು, ದೂರದಲ್ಲಿ ಮಂಜು. ಸಕಲೇಶಪುರದ ಕಡೆ ಹೋದವರಿಗೆ ಆ ಹಸಿರು ಗುರುತು ಸಿಗುತ್ತದೆ. ಪರಶುರಾಮನ ಕೊಡಲಿಗೆ ಗಣೇಶನ ದಂತ ಮುರಿದ ಕಥೆಯನ್ನೂ ಸರಿಯಾಗಿಯೇ ಹಿಡಿದಿದ್ದಾರೆ. ಇಬ್ಬರು ಹೆಂಗಸರ ನಡುವಿನ ಮಾತು, ಅನುಮಾನ, ಜಗಳ, ಆಮೇಲೆ ಸ್ನೇಹ, ಅದಂತೂ ಸರಣಿಯಲ್ಲೇ ನನಗೆ ತುಂಬಾ ಇಷ್ಟವಾದದ್ದು. ಆನೆ ಸವಾರಿ ಇದೆ. ಅದರ ಬಗ್ಗೆ ನಾನು ಕೆಟ್ಟದ್ದು ಹೇಳುವುದಿಲ್ಲ.

ಈಗ ಸಿಟ್ಟು. ಗೇಮಿನಲ್ಲಿ ಹಳೇಬೀಡು, ಬೇಲೂರು ಅಂದರೆ ಕಾಡಿನಲ್ಲಿ ಮುಚ್ಚಿಹೋದ ನಗರಗಳು. ಅಲ್ಲಾ ಸ್ವಾಮಿ, ಹಾಸನದಿಂದ ಕೆಂಪು ಬಸ್ ಇದೆ. ಹಳೇಬೀಡಿನ ಸುತ್ತ ಆಲೂಗಡ್ಡೆ, ಜೋಳದ ಹೊಲ. ಬೇಲೂರಿನ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತಿದೆ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ಕಳೆದುಹೋಗಲು ಅದು ಛತ್ರಿಯಾ? ಇದನ್ನೂ ಬಿಡಿ, ಸಾಹಸದ ಕಥೆಗೆ ಕಳೆದುಹೋದ ನಗರ ಬೇಕು ಅಂತ ಒಪ್ಪಿಕೊಳ್ಳೋಣ.

ನನಗೆ ನಿಜವಾಗಿ ನೋವಾದದ್ದು ಅಳತೆಯಲ್ಲಿ. ಗೇಮ್ ತುಂಬಾ ಬೆಟ್ಟದಷ್ಟು ಎತ್ತರದ ಪ್ರತಿಮೆಗಳು. ಕತ್ತು ಎತ್ತಿ ನೋಡಬೇಕು, ಬಾಯಿ ಬಿಡಬೇಕು. ಹೊಯ್ಸಳರ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅವರು ಬಳಪದ ಕಲ್ಲು ಆರಿಸಿಕೊಂಡದ್ದೇ ಸಣ್ಣ ಕೆತ್ತನೆಗೆ. ಗಣಿಯಿಂದ ತೆಗೆದಾಗ ಅದು ಮೆತ್ತಗೆ ಇರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಬಳೆ, ಸರ, ಕೂದಲ ಎಳೆ ಎಲ್ಲ ಬಿಡಿಸಿ ಕೆತ್ತಬಹುದು. ಹಳೇಬೀಡಿನಲ್ಲಿ ಕೆಳಗಿನ ಸಾಲಿನ ಆನೆಗಳನ್ನು ನೋಡಲು ನೀವು ಬಗ್ಗಬೇಕು. ಒಂದಾನೆಯ ಹಾಗೆ ಇನ್ನೊಂದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ತಾತ ನನ್ನನ್ನು ಅಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ ಒಂದೊಂದೇ ಆನೆ ಎಣಿಸಿಸಿದ್ದರು, ನಲವತ್ತಾದ ಮೇಲೆ ನಾನು ಅತ್ತೆ ಅಂತ ನೆನಪು. ಆ ದೇವಸ್ಥಾನಗಳು ನಮ್ಮನ್ನು ಹತ್ತಿರ ಕರೆಯುತ್ತವೆ. ಗೇಮ್ ನಮ್ಮನ್ನು ದೂರ ನಿಲ್ಲಿಸುತ್ತದೆ. ಹೊಯ್ಸಳ ಅನ್ನುವ ಹೆಸರು ತಗೊಂಡರು, ಕಣ್ಣು ತಗೊಳ್ಳಲಿಲ್ಲ.

ಇನ್ನು ವಿಲನ್ ಅಸಾವ್. ಬಂದ, ಬೈದ, ಹೊಡೆದ, ಸತ್ತ. ಕೊನೆಯ ರೈಲಿನ ಭಾಗ ರೋಚಕವಾಗಿದೆ, ಆದರೆ ಆ ಸರಣಿಯ ಎರಡನೇ ಭಾಗದಲ್ಲೇ ರೈಲು ನೋಡಿಯಾಗಿತ್ತು.

ನನ್ನ ಮಾರ್ಕು 7. ಅದರಲ್ಲಿ ಒಂದು ಮಾರ್ಕು ಊರ ಮೇಲಿನ ಅಭಿಮಾನದ್ದು, ಮುಚ್ಚಿಡುವುದಿಲ್ಲ.

ಎಸ್ಪಿ ರೋಡ್ ಹಳಬ

@ಹಾಸನದವಳು ಗೇಮ್ ಅಂದರೆ ಇತಿಹಾಸದ ಪಾಠ ಅಲ್ಲ ಅಲ್ವಾ? ಈಜಿಪ್ಟಿನವರು ಇದೇ ಥರ ದೂರು ಹೇಳುತ್ತಾ ಕೂತರೆ ಒಂದು ಪಿರಮಿಡ್ಡೂ ಗೇಮಿನಲ್ಲಿ ಉಳಿಯುವುದಿಲ್ಲ.

ಹಾಸನದವಳು

ಪಾಠ ಕೇಳಿಲ್ಲ ನಾನು. ಆ ಬಯಲಲ್ಲಿ ಅಡಗಿಸಿಟ್ಟ ಟೋಕನ್ ಹುಡುಕುವ ಬದಲು ಬಗ್ಗಿ ನೋಡಿ ಬಿಡಿಸುವ ಒಂದು ಪಜಲ್ ಕೇಳಿದೆ. ಆನೆ ಸಾಲಿನಲ್ಲಿ ಬೇರೆ ಆನೆ ಯಾವುದು ಅಂತ ಹುಡುಕಿಸಿದ್ದರೆ ಸಾಕಿತ್ತು, ಅದು ಗೇಮಿಗೂ ಒಳ್ಳೆಯದೇ.

ಎಸ್ಪಿ ರೋಡ್ ಹಳಬ

ಆ ಪಜಲ್ ಐಡಿಯಾ ಚೆನ್ನಾಗಿದೆ. ಸೋತೆ.

ನನ್ನ ಸರದಿ. ಮಿರರ್ಸ್ ಎಡ್ಜ್, 2008. ಆಗ ನನ್ನ ಹತ್ತಿರ ಇದ್ದ ಕಂಪ್ಯೂಟರ್‌ಗೆ ಅದು ಓಡುತ್ತಿರಲಿಲ್ಲ. ಎಸ್.ಪಿ. ರೋಡಿನಲ್ಲಿ ಮಧ್ಯಾಹ್ನವಿಡೀ ಚೌಕಾಸಿ ಮಾಡಿ ಗ್ರಾಫಿಕ್ಸ್ ಕಾರ್ಡ್ ತಂದದ್ದು ಇದೊಂದು ಗೇಮಿಗೋಸ್ಕರ. ಮನೆಗೆ ತಂದು ನೋಡಿದರೆ ಕ್ಯಾಬಿನೆಟ್ ಒಳಗೆ ಕಾರ್ಡು ಹಿಡಿಸಲಿಲ್ಲ. ಎರಡು ತಿಂಗಳು ಡಬ್ಬದ ಪಕ್ಕದ ಮುಚ್ಚಳ ತೆಗೆದೇ ಆಡಿದೆ, ಅಮ್ಮ ಧೂಳು ಹೊಡೆಯಲು ಬಂದಾಗೆಲ್ಲ ಕಿರುಚುತ್ತಿದ್ದೆ.

ಬಿಳಿ ನಗರ, ನೀಲಿ ಆಕಾಶ. ಹತ್ತಬೇಕಾದ ಪೈಪು, ಹಾರಬೇಕಾದ ಹಲಗೆ ಮಾತ್ರ ಕೆಂಪು. ಫೇತ್ ಅನ್ನೋ ಹುಡುಗಿಯ ಕಣ್ಣಿಂದಲೇ ಎಲ್ಲ ಕಾಣುತ್ತದೆ. ಓಡಿದರೆ ಅವಳ ಉಸಿರು ಕೇಳುತ್ತದೆ, ಹಾರುವಾಗ ಅವಳ ಕೈ, ಪಾದ ಚೌಕಟ್ಟಿನೊಳಗೆ ಬರುತ್ತದೆ. ಬಿದ್ದರೆ ಗಾಳಿಯ ಸದ್ದು, ಆಮೇಲೆ... ಬೇಡ. ಓಟ ಸರಿಯಾಗಿ ಕೂತರೆ ಬೆರಳುಗಳೇ ಓಡುತ್ತಿವೆ ಅನ್ನಿಸುತ್ತದೆ.

ಅಷ್ಟರಲ್ಲಿ ಒಂದು ಬಾಗಿಲು ತೆರೆದರೆ ಒಳಗೆ ಐದು ಜನ ಪೊಲೀಸರು, ಕೈಯಲ್ಲಿ ಗನ್ನು. ದಾರಿ ಅವರ ಹಿಂದೆಯೇ ಇದೆ. ನೀವೂ ಗನ್ ಕಿತ್ತುಕೊಂಡು ಗುಂಡು ಹಾರಿಸಿ ಅಂತ ಗೇಮ್ ಹೇಳುತ್ತದೆ. ಓಡುವುದಕ್ಕೆ ಅಂತ ಹುಟ್ಟಿದ ಹುಡುಗಿಯನ್ನು ಹಿಡಿದು ನಿಲ್ಲಿಸಿ ಬಂದೂಕು ಕೊಟ್ಟ ಹಾಗೆ. ಗುಂಡು ಹಾರಿಸುವುದೂ ಏನೇನೂ ಚೆನ್ನಾಗಿಲ್ಲ. 2016ರಲ್ಲಿ ಅದೇ ಫೇತ್‌ನ ಇನ್ನೊಂದು ಗೇಮ್ ಕ್ಯಾಟಲಿಸ್ಟ್ ಬಂದಾಗ ಗನ್ ಪೂರ್ತಿ ತೆಗೆದರು. ಸದ್ಯ ಬುದ್ಧಿ ಬಂತು ಅಂದುಕೊಂಡೆ. ಆದರೆ ಅದರಲ್ಲಿ ಇಡೀ ನಗರವನ್ನು ತೆರೆದಿಟ್ಟು, ಮ್ಯಾಪಿನ ತುಂಬಾ ಚುಕ್ಕಿ ಹಾಕಿ, ಆ ಪಾರ್ಸಲ್ ಕೊಡು, ಈ ಚಿಪ್ ಕೀಳು ಅಂತ ಕೆಲಸ ಹಚ್ಚಿದರು. ಮೂಗಿಗಿಂತ ಮೂಗುತಿ ಭಾರ. ಅದೇ ತಪ್ಪು, ವೇಷ ಬೇರೆ: ಓಟವೊಂದೇ ಸಾಕು ಅಂತ ನಂಬಲು ಅವರಿಗೆ ಎರಡೂ ಸಲ ಧೈರ್ಯ ಬರಲಿಲ್ಲ.

ಎಲ್.ಎ. ನ್ವಾರ್ ಕೂಡ ಇದೇ ಜಾತಿ. 2011. ನಿಜವಾದ ನಟರ ಮುಖ ಹಿಡಿದು ತಂದಿದ್ದಾರೆ. ಸಾಕ್ಷಿ ಹೇಳುವವನು ಎಂಜಲು ನುಂಗುವುದು, ಕಣ್ಣು ತಪ್ಪಿಸುವುದು ನೋಡಿ ಸುಳ್ಳು ಹಿಡಿಯಬೇಕು. 1947ರ ಲಾಸ್ ಏಂಜಲೀಸ್ ಪೂರ್ತಿ ಕಟ್ಟಿದ್ದಾರೆ, ಆದರೆ ಆ ಊರಲ್ಲಿ ಮಾಡಲು ಏನೂ ಇಲ್ಲ. ಇದಕ್ಕಿಂತ ತಮಾಷೆ ಅಂದರೆ 'ಡೌಟ್' ಬಟನ್. ಸುಮ್ನೆ ಸಣ್ಣ ಅನುಮಾನ ಅಂತ ಒತ್ತಿದರೆ, ನಮ್ಮ ಡಿಟೆಕ್ಟಿವ್ ಗಂಡ ಸತ್ತ ಹೆಂಗಸಿನ ಮುಖಕ್ಕೆ ಮುಖ ಕೊಟ್ಟು ಅರಚುತ್ತಾನೆ. ನಾನು ಅಷ್ಟು ಹೇಳಿರಲಿಲ್ಲ ಕಣಯ್ಯಾ! 2017ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಆ ಬಟನ್‌ಗಳ ಹೆಸರನ್ನೇ 'ಗುಡ್ ಕಾಪ್', 'ಬ್ಯಾಡ್ ಕಾಪ್' ಅಂತ ಬದಲಾಯಿಸಿದರು. ಅರಚುವುದು ಹಾಗೇ ಇದೆ, ಈಗ ನಮಗೆ ಮೊದಲೇ ಗೊತ್ತಿರುತ್ತದೆ ಅಷ್ಟೇ.

ತೊಗಲುಗೊಂಬೆ

ಯಾರೂ ರಾಜಿ ಹೆಸರು ಎತ್ತಲಿಲ್ಲವಲ್ಲ. ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್, ಪುಣೆಯ ನಾಡಿಂಗ್ ಹೆಡ್ಸ್ ಅವರು ಮಾಡಿದ್ದು, 2020. ಅಸುರರು ತಮ್ಮನನ್ನು ಹೊತ್ತುಕೊಂಡು ಹೋಗುತ್ತಾರೆ, ಸರ್ಕಸ್ ಹುಡುಗಿ ರಾಜಿ ಹುಡುಕಿಕೊಂಡು ಹೋಗುತ್ತಾಳೆ. ದುರ್ಗೆಯೂ ವಿಷ್ಣುವೂ ಮೇಲೆ ಕೂತು ಅವಳ ಬಗ್ಗೆ ಮಾತಾಡಿಕೊಳ್ಳುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಂದಿರು ಟಿವಿ ಕ್ರಿಕೆಟ್‌ಗೆ ಕಾಮೆಂಟರಿ ಹೇಳುತ್ತಿದ್ದ ಹಾಗೆ.

ನನಗೆ ಇಷ್ಟವಾದದ್ದು ನಡುನಡುವೆ ಬರುವ ನೆರಳುಗೊಂಬೆಯ ಕಥಾಭಾಗ. ನಾನು ಚಿಕ್ಕವನಿದ್ದಾಗ ಊರ ಜಾತ್ರೆಯಲ್ಲಿ ತೊಗಲುಗೊಂಬೆ ಆಟ ನೋಡಿದ್ದೆ, ಬಿಳಿ ಪಂಚೆಯ ಹಿಂದೆ ದೀಪ, ಗೊಂಬೆಯ ಮೊಣಕೈ ಮಡಚುವಾಗ ಟಕ್ ಅಂತ ಒಂದು ಚೂರು ತಡವಾಗಿ ಮಡಚುತ್ತದೆ. ಅದೇ ತಡ ಈ ಗೇಮಿನಲ್ಲೂ ಇದೆ. ಯಾರೋ ನಿಜವಾದ ಗೊಂಬೆ ನೋಡಿ ಮಾಡಿದ್ದಾರೆ ಅಂತ ಖಾತ್ರಿಯಾಯಿತು.

ದೋಷ? ಕ್ಯಾಮೆರಾ ಅವರು ಇಟ್ಟ ಜಾಗದಲ್ಲೇ ಇರುತ್ತದೆ, ನೀವು ತಿರುಗಿಸುವ ಹಾಗಿಲ್ಲ. ಚಿತ್ರ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಎರಡು ಕಟ್ಟೆಗಳ ನಡುವೆ ಎಷ್ಟು ಅಂತರ ಅಂತ ಅಂದಾಜು ಸಿಗುವುದಿಲ್ಲ. ಹಾರಿದರೆ ಗುಂಡಿ. ಹೊಡೆದಾಟದಲ್ಲಿ ಕಂಬ ಹಿಡಿದು ಗಿರಕಿ ಹೊಡೆಯುವುದು ಮಜಾ ಇದೆ. ಆದರೆ ಒಮ್ಮೆ ತ್ರಿಶೂಲ ಬೀಸಲು ಶುರು ಮಾಡಿದರೆ ನಡುವೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ ಅನ್ನಿಸುತ್ತದೆ, ಅಷ್ಟು ಬಿಗಿ. ಕೊನೆಯಂತೂ ಕೇಳಲೇಬೇಡಿ. ಐದಾರು ಗಂಟೆ ಕಟ್ಟಿದ ಕಥೆ, ಕೊನೆಯ ಕಾಳಗ ಮುಗಿಯಿತೋ ಇಲ್ಲವೋ, ಪರದೆ ಬಿತ್ತು. ಕರೆಂಟ್ ಹೋಯಿತೇನೋ ಅಂತ ಫ್ಯಾನ್ ಕಡೆ ನೋಡಿದೆ.

ಈಗ ನನ್ನ ಪ್ರಶ್ನೆ. ನಮ್ಮ ದೇಶದ್ದು, ಸಣ್ಣ ತಂಡ, ಅಂತ ಎರಡು ಮಾರ್ಕ್ ಜಾಸ್ತಿ ಕೊಡಬೇಕಾ? ನಾನು ಆಗ ಎಲ್ಲರ ಮುಂದೆ 8 ಅಂದೆ. ಮನಸ್ಸಿನಲ್ಲಿ 6 ಇತ್ತು.

ನೈಟ್ ಶಿಫ್ಟ್ ನಾಗ

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ ಗ್ರೇಸ್ ಮಾರ್ಕ್ ಸಿಕ್ಕಿತ್ತು. 35 ಆಯಿತು, ಪಾಸಾದೆ. ಗಣಿತ ಬಂತಾ? ಇವತ್ತಿಗೂ ಇಲ್ಲ. ಪೂರ್ತಿ ದುಡ್ಡು ಕೊಟ್ಟು ತಗೊಳ್ಳಿ, ಪೂರ್ತಿ ಬೈಯಿರಿ. ಅದೇ ಮರ್ಯಾದೆ.

ಬಗ್ ಹಿಡಿಯೋ ಅಕ್ಕ

ನಾಗ ಅವರು ಹೇಳಿದ್ದು ಸರಿ, ಆದರೆ ಬೈಯುವಾಗ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಿ. ನಾನು ಬೆಂಗಳೂರಲ್ಲೇ ಒಂದು ಸ್ಟುಡಿಯೋದಲ್ಲಿ ಟೆಸ್ಟಿಂಗ್ ಮಾಡುತ್ತೇನೆ. ಹೆಸರು ಬೇಡ. ನನ್ನ ಕೆಲಸ ಹೇಗಿರುತ್ತದೆ ಅಂದರೆ, ಒಂದು ಊರಿನ ಪ್ರತಿ ಗೋಡೆಗೂ ಮೈ ಉಜ್ಜಿಕೊಂಡು ನಡೆಯಬೇಕು, ಎಲ್ಲಾದರೂ ಪಾತ್ರ ಗೋಡೆಯೊಳಗೆ ಹೋಗುತ್ತದಾ ಅಂತ. ಎಂಟು ದಿನ ಬರೀ ಗೋಡೆ. ಒಂಬತ್ತನೇ ದಿನ ಮೆಟ್ಟಿಲು. ನೀವು ಕಂಡುಹಿಡಿದೆವು ಅಂದುಕೊಳ್ಳುವ ಬಗ್‌ಗಳಲ್ಲಿ ತುಂಬಾನೇ ನಮ್ಮ ಪಟ್ಟಿಯಲ್ಲಿ ಮೊದಲೇ ಇರುತ್ತವೆ. ಪಕ್ಕದಲ್ಲಿ 'ಬಿಡುಗಡೆ ಆದ ಮೇಲೆ ನೋಡೋಣ' ಅಂತ ಬರೆದಿರುತ್ತದೆ. ನನ್ನದೊಂದು ಬಗ್ ಎರಡು ವರ್ಷದಿಂದ ಹಾಗೇ ಇದೆ, ಅದಕ್ಕೆ ಹುಟ್ಟುಹಬ್ಬ ಮಾಡೋಣ ಅಂತ ಟೀಮಿನವರು ತಮಾಷೆ ಮಾಡುತ್ತಾರೆ.

ಕೆಟ್ಟುಹೋದದ್ದು ಬೇರೆ, ತಪ್ಪಾಗಿ ಕಟ್ಟಿದ್ದು ಬೇರೆ. ಸೈಬರ್‌ಪಂಕ್ 2077 ನೋಡಿ. 2020ರ ಡಿಸೆಂಬರ್ 10ಕ್ಕೆ ಬಂತು. ಹಳೆಯ ಕನ್ಸೋಲ್‌ಗಳಲ್ಲಿ ಅದರ ಸ್ಥಿತಿ ಎಷ್ಟು ಕೆಟ್ಟದಾಗಿತ್ತು ಅಂದರೆ, ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದಾಗ ಪೊಲೀಸ್ ವ್ಯವಸ್ಥೆ, ಪಾತ್ರದ ಕೌಶಲ್ಯಗಳು ಎಲ್ಲ ಹೊಸದಾಗಿ ಕಟ್ಟಿದರು. ಈಗ ಎಲ್ಲರೂ ಅದನ್ನು ಹೊಗಳುತ್ತಾರೆ, ನಾನೂ ಹೊಗಳುತ್ತೇನೆ.

ಆದರೆ ಶುರುವಿನಲ್ಲಿ ಕೇಳುತ್ತಾರಲ್ಲ, ನೀನು ಅಲೆಮಾರಿಯಾ, ಬೀದಿ ಹುಡುಗನಾ, ಕಂಪನಿ ಮನುಷ್ಯನಾ ಅಂತ? ಅರ್ಧ ಗಂಟೆ ಬೇರೆ ಬೇರೆ ದಾರಿ. ಆಮೇಲೆ ಮೂವರೂ ಒಂದೇ ಬಸ್ಸು ಹತ್ತುತ್ತಾರೆ. ಅಲ್ಲಲ್ಲಿ ಒಂದೊಂದು ಮಾತು ಬದಲಾಗುತ್ತದೆ ಅಷ್ಟೇ. ಎಷ್ಟು ಪ್ಯಾಚ್ ಬಂದರೂ ಅದು ಹಾಗೇ ಉಳಿಯಿತು. ಸುಣ್ಣ ಬಣ್ಣ ಮತ್ತೆ ಹೊಡೆಯಬಹುದು, ಪಾಯ ತೆಗೆದು ಹಾಕುವುದು ಹೇಗೆ? ರಾಜಿಯ ಕ್ಯಾಮೆರಾ ಪಾಯ. ಡೇಸ್ ಗಾನ್‌ನ ಕಾಯಿಸುವುದೂ ಪಾಯವೇ. ಇಂಥದ್ದನ್ನು ಟೆಸ್ಟಿಂಗ್‌ನಲ್ಲಿ ಬರೆದರೆ 'ಇದು ಬಗ್ ಅಲ್ಲ, ಡಿಸೈನ್' ಅಂತ ಮುಚ್ಚುತ್ತಾರೆ. ಪೂರ್ತಿ ಸುಳ್ಳೂ ಅಲ್ಲ ಅದು.

ಸಣ್ಣ ತಂಡದ ಬಗ್ಗೆ: ಮಾರ್ಕ್ ಜಾಸ್ತಿ ಬೇಡ, ವಿವರ ಜಾಸ್ತಿ ಕೊಡಿ. 'ಕಾಂಬ್ಯಾಟ್ ಡಬ್ಬಾ' ಅಂತ ಬರೆದರೆ ನಮಗೆ ಏನೂ ಸಿಗುವುದಿಲ್ಲ. 'ತ್ರಿಶೂಲ ಬೀಸುವಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ' ಅಂತ ತೊಗಲುಗೊಂಬೆ ಬರೆದರಲ್ಲ, ಅಂಥ ಒಂದು ಸಾಲನ್ನು ಮೀಟಿಂಗಿಗೆ ಹಿಡಿದುಕೊಂಡು ಹೋಗಬಹುದು.

ತೊಗಲುಗೊಂಬೆ

ಸರಿ, ನನ್ನ 8 ವಾಪಸ್ ತಗೊಂಡೆ. 6. ಗೊಂಬೆಯ ಮೊಣಕೈಗೆ ಅರ್ಧ, ಅದನ್ನು ಕೊಡುವುದೇ.

ಬನಶಂಕರಿ ಬುಲೆಟ್

ಇಷ್ಟು ಒಳ್ಳೆಯ ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆಫೀಸ್ ಗ್ರೂಪಿಗೆ ಇದರ ಲಿಂಕ್ ಹಾಕಿದೆ. ಒಬ್ಬ 'ಬೆಂಕಿ' ಅಂದ, ಇನ್ನೊಬ್ಬ 'ಯಾರು ಓದುತ್ತಾರೆ ಇಷ್ಟು' ಅಂದ.

ಅಕ್ಕ ಹೇಳಿದ ಪಾಯದ ಮಾತು ಒಪ್ಪಿದೆ, ಆದ್ರೆ ಒಂದು ತಕರಾರು. ಡೇಸ್ ಗಾನ್‌ನಲ್ಲಿ ಅಷ್ಟು ದಿನ ಹೋರ್ಡ್‌ಗೆ ಹೆದರಿ ಓಡಿದ್ದರಿಂದಲೇ, ಕೊನೆಗೆ ಹಳೆಯ ಮರದ ಮಿಲ್ಲಿನ ಹತ್ತಿರ ನಿಂತು ಎದುರಿಸಿದಾಗ ಆ ಮಜಾ ಬಂತೋ ಏನೋ. ಕಾಯಿಸಿದ್ದು ತಪ್ಪಲ್ಲ, ಕಾಯುವಾಗ ಪೊದೆಯಲ್ಲಿ ಕೂರಿಸಿದ್ದು ತಪ್ಪು. ಬೈಕ್ ಓಡಿಸಲು ಬಿಟ್ಟಿದ್ದರೆ ಇನ್ನೂ ಹತ್ತು ಗಂಟೆ ಕಾಯುತ್ತಿದ್ದೆ.

@ಹಾಸನದವಳು ನಿಮ್ಮ ಗೇಮ್ ನಾನು ಆಡಿಲ್ಲ. ಡಿಸ್ಕ್ ಇದೆಯಾ, ಡಿಜಿಟಲ್ಲಾ?

ಹಾಸನದವಳು

ಡಿಸ್ಕ್ ಇದೆ. ಬಾಕ್ಸ್ ಒಂದು ಮೂಲೆ ಒಡೆದಿದೆ, ಡಿಸ್ಕ್ ಸರಿ ಇದೆ. ನಿಮ್ಮ ಡೇಸ್ ಗಾನ್ ಕೊಡುವುದಾದರೆ ಅದಲುಬದಲು. ಪೊದೆ ಮಿಷನ್ ನನಗೆ ಅಭ್ಯಾಸವಿದೆ, ಪಿಜಿ ಆಂಟಿಯ ಕಣ್ಣು ತಪ್ಪಿಸಿ ರಾತ್ರಿ ಒಳಗೆ ಬರುವವಳು ನಾನು.

ಬನಶಂಕರಿ ಬುಲೆಟ್

ಶನಿವಾರ ಸಂಜೆ ಆರ್.ವಿ. ರೋಡ್ ಮೆಟ್ರೋ, ಹಸಿರು ಲೈನಿಂದ ಹಳದಿ ಲೈನಿಗೆ ಬದಲಾಗುವ ಮೆಟ್ಟಿಲ ಹತ್ತಿರ. ಕೆಂಪು ಹೆಲ್ಮೆಟ್ ಹಿಡಿದಿರುತ್ತೇನೆ.

ನೈಟ್ ಶಿಫ್ಟ್ ನಾಗ

ಆರು ಗಂಟೆ ಮೇಲಾದರೆ ಆ ಮೆಟ್ಟಿಲ ಹತ್ತಿರ ಹೋರ್ಡ್ ಇರುತ್ತದೆ. ಪೆಟ್ರೋಲ್ ತುಂಬಿಸಿಕೊಂಡು ಹೋಗಿ.